ಎರಡು ಗಂಟಿನ ಹಗ್ಗ

ನಾನೊಂದು ಹಗ್ಗ. ಸರಿಯಾಗಿ ಹೇಳಬೇಕೆಂದರೆ ಈಗ ಹಗ್ಗವೂ ಅಲ್ಲ, ಹಗ್ಗದ ಒಂದು ಗೇಣು ಚೂರು. ನಲವತ್ತು ಮೊಳ ಇದ್ದದ್ದು ಒಂದು ಗೇಣಿಗೆ ಇಳಿದ ಕತೆ ಇದು. ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಹುಲುಗಪ್ಪನನ್ನು ಹಿಡಿದುಕೊಂಡಿದ್ದದ್ದು ನಾನೇ, ಕೈಬಿಟ್ಟದ್ದೂ ನಾನೇ. ಕೋರ್ಟಿನಲ್ಲಿ ಎಲ್ಲರನ್ನೂ ಕೇಳಿದರು, ನನ್ನನ್ನು ಮಾತ್ರ ಎತ್ತಿ ತೋರಿಸಿ ಕೆಳಗಿಟ್ಟರು.

ಕುಷ್ಟಗಿ ಕಡೆಯ ಒಂದು ಹೊಲದ ಬದುವಿನಲ್ಲಿ ಪುಂಡಿ ಗಿಡವಾಗಿ ಹುಟ್ಟಿದೆ. ಎಲೆಯನ್ನು ಪಲ್ಯಕ್ಕೆ ಕಿತ್ತುಕೊಂಡರು, ಕಾಂಡವನ್ನು ಹಳ್ಳದ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿದರು. ಹದಿನೈದು ದಿನ ಕೊಳೆತು ನಾರಿದ ಮೇಲೆ ನನ್ನ ನಾರು ಬಿಳಿಯಾಗಿ ಹೊರಗೆ ಬಂತು. ಒಬ್ಬ ಮುದುಕ ಹಿಂದಹಿಂದಕ್ಕೆ ನಡೆಯುತ್ತ ನನ್ನನ್ನು ಹೊಸೆದ, ಅವನ ಹೆಂಡತಿ ಆ ತುದಿಯಲ್ಲಿ ಕುಳಿತು ತಿರುಗಣಿ ತಿರುಗಿಸಿದಳು. ಮೂರು ಎಳೆ ಸೇರಿ ಒಂದಾದಾಗ ನನಗೆ ಬಹಳ ಜಂಬ ಬಂದಿತ್ತು. ಎತ್ತನ್ನೇ ಎತ್ತಬಲ್ಲೆ ಎಂದುಕೊಂಡಿದ್ದೆ.

ನನ್ನನ್ನು ಕೊಂಡದ್ದು ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿ. ಅಲ್ಲಿ ಮೂರಾಳೆತ್ತರದ ಕಬ್ಬಿಣದ ಕಣಜಗಳಿದ್ದವು, ಬಿನ್ ಎನ್ನುತ್ತಿದ್ದರು. ಮೇಲಿನಿಂದ ಭತ್ತ ಸುರಿಯುವುದು, ಕೆಳಗಿನ ಬಾಯಿಯಿಂದ ಬಿಡುವುದು. ಹಸಿ ಭತ್ತ ಒಮ್ಮೊಮ್ಮೆ ಒಳಗೇ ಹೆಪ್ಪುಗಟ್ಟಿ ಕೆಳಗಿಳಿಯದೆ ಮುಷ್ಕರ ಹೂಡುತ್ತಿತ್ತು. ಆಗ ಒಬ್ಬ ಆಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಗಿಳಿದು, ಕೋಲಿನಿಂದ ಚುಚ್ಚಿ ಭತ್ತವನ್ನು ಸಡಿಲಿಸಬೇಕು. ಕಾಲ ಕೆಳಗೆ ಪೊಳ್ಳಾಗಿದ್ದರೆ ಭತ್ತ ಒಮ್ಮೆಲೇ ಕುಸಿದು ಮನುಷ್ಯನನ್ನು ನುಂಗುತ್ತದೆ. ನುಂಗದಂತೆ ಹಿಡಿಯುವುದು ನನ್ನ ಕೆಲಸ.

ಒಳಗಿಳಿಯುತ್ತಿದ್ದವನು ಹುಲುಗಪ್ಪ, ಗಿರಣಿಯ ಹಮಾಲ. ತೆಳ್ಳಗಿನ ಆಳು, ಮಾತು ಕಡಿಮೆ, ಎಡಚ. ಇಳಿಯುವ ಮುಂಚೆ ನನ್ನನ್ನು ಮೊಳಮೊಳವಾಗಿ ಸವರಿ ನೋಡುತ್ತಿದ್ದ. ಐದು ವರ್ಷದಲ್ಲಿ ನನ್ನ ಮೈಯನ್ನು ಅಷ್ಟು ನಿಗಾ ಮಾಡಿ ಮುಟ್ಟಿದವರು ಮತ್ತೊಬ್ಬರಿಲ್ಲ. ಅವನ ಸೊಂಟದ ಬೆವರಿನ ಉಪ್ಪು ನನ್ನ ಎಳೆಗಳಲ್ಲಿ ಇಳಿದಿತ್ತು.

ಆ ಗಿರಣಿಯ ಹಮಾಲರಲ್ಲಿ ಒಂದು ರೂಢಿ ಇತ್ತು. ಹಗ್ಗ ಎಲ್ಲಾದರೂ ಸವೆದರೆ ಆ ಜಾಗಕ್ಕೆ ಸೀರೆಯ ಅಂಚಿನ ಚೂರು ಕಟ್ಟುವುದು. ಬಟ್ಟೆ ಕಟ್ಟಿದ ಹಗ್ಗ ಮೂಟೆಗೆ ಆದೀತು, ಮನುಷ್ಯನಿಗೆ ಆಗದು. ಹಿಂದೆ ಯಾವಾಗಲೋ ಈ ಗುರುತನ್ನು ನೋಡಿದ್ದೆ, ನೋಡಿರಲಿಲ್ಲ ಎಂದು ಆಳುಗಳಿಗೂ ಗಿರಣಿಯವರಿಗೂ ಜಗಳವಾಗಿತ್ತಂತೆ. ಅಂದಿನಿಂದ ಮೊದಲ ಗಂಟು ಇಳಿಯುವ ಆಳು ಹಾಕಬೇಕು, ಅದರ ಮೇಲೆ ಎರಡನೆಯ ಗಂಟು ಗಿರಣಿಯ ಕಡೆಯವರು ಹಾಕಬೇಕು. ಓದು ಬಾರದವರ ಸಹಿ ಅದು.

ನನ್ನ ಸರದಿಯೂ ಬಂತು. ಬಿನ್ನಿನ ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ನನ್ನ ಒಂದು ಎಳೆ ಕೂದಲೆದ್ದಿತ್ತು. ಹಮಾಲರ ಹಿರಿಯ ಖಾಜಾಸಾಬ ಅಲ್ಲಿ ಹೆಬ್ಬೆರಳು ಒತ್ತಿ ತಲೆಯಾಡಿಸಿದ. ಮರುದಿನ ಹುಲುಗಪ್ಪ ಹೆಂಡತಿಯ ಹಳೆಯ ಸೀರೆಯ ಹಸಿರು ಅಂಚು ಹರಿದು ತಂದು ಗಂಟು ಹಾಕಿದ. ಮ್ಯಾನೇಜರ್ ಪಂಪಾಪತಿ, "ನಿಮ್ಮ ಶಾಸ್ತ್ರ ಮುಗಿಯೂದಿಲ್ಲ ಬಿಡ್ರಪಾ" ಎಂದು ನಗುತ್ತಲೇ ಮೇಲಿನ ಗಂಟು ಬಿಗಿದ. ಮುಂದಿನ ವಾರ ಹೊಸ ಹಗ್ಗ ತರಿಸುವುದಾಗಿಯೂ ಹೇಳಿದ. ಆ ವಾರ ನಾಲ್ಕು ತಿಂಗಳಾದರೂ ಬರಲಿಲ್ಲ.

ಅಂದು ಖಾಜಾಸಾಬ ಮೊಮ್ಮಗಳ ನಿಕಾಹಕ್ಕೆ ಹೋಗಿದ್ದ. ಭತ್ತ ಹೆಪ್ಪುಗಟ್ಟಿತ್ತು. ಪಂಪಾಪತಿ ನನ್ನನ್ನು ತಂದು ಹುಲುಗಪ್ಪನ ಮುಂದೆ ಎಸೆದ.

"ಇದಕ್ಕ ಬಟ್ಟಿ ಕಟ್ಟೇವಲ್ರೀ ಮ್ಯಾನೇಜರ್ರ," ಎಂದ ಹುಲುಗಪ್ಪ.

"ಗೊತ್ತೈತೋ ಮಾರಾಯಾ. ಇದೊಂದ್ ಸಲ ಇಳಿ. ಲಾರಿ ಮುಂಜಾನಿಂದ ನಿಂತೈತಿ. ಒಲ್ಲಿ ಅಂದ್ರ ನಾಳಿಯಿಂದ ಬರಬ್ಯಾಡ."

ಹುಲುಗಪ್ಪ ಹಸಿರು ಚೂರನ್ನು ಒಮ್ಮೆ ಸವರಿದ. ಆಮೇಲೆ ನನ್ನನ್ನು ಸೊಂಟಕ್ಕೆ ಸುತ್ತಿಕೊಂಡ. ಭತ್ತ ಕುಸಿದಾಗ ಅವನು ಎದೆಯವರೆಗೆ ಹೂತುಹೋದ. ಮೇಲಿದ್ದ ಇಬ್ಬರು ಜಗ್ಗಿದರು. ನನ್ನ ಮೊದಲ ಎಳೆ ಹೋಯಿತು, ಎರಡನೆಯದೂ ಹೋಯಿತು. ಮೂರನೆಯದನ್ನು ಹಿಡಿದುಕೊಳ್ಳಲು ನನ್ನಿಂದಾದಷ್ಟು ಒದ್ದಾಡಿದೆ, ಆಗಲಿಲ್ಲ. ಬಟ್ಟೆಯಿಂದ ಎರಡು ಬೆರಳು ಕೆಳಗೆ ಹರಿದೆ. ದೊಡ್ಡ ತುಂಡು ಮೇಲೆ ಅವರ ಕೈಯಲ್ಲಿ ಉಳಿಯಿತು. ಸಣ್ಣ ತುಂಡು ಅವನ ಜೊತೆ ಭತ್ತದೊಳಗೆ ಹೋಯಿತು. ಆ ತುಂಡಿಗೆ ಗೊತ್ತಿರುವುದನ್ನು ನಾನು ಇಲ್ಲಿ ಹೇಳಲಾರೆ.

ಪೊಲೀಸರು ಪಂಚನಾಮೆ ಮಾಡಿ, ಎರಡೂ ತುಂಡನ್ನು ಒಂದೇ ಚೀಲದಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ ಠಾಣೆಯ ಮಾಲುಕೋಣೆಯಲ್ಲಿಟ್ಟರು. ಅಲ್ಲಿ ಒಂದು ಕುಡುಗೋಲು, ಮೂರು ಸೈಕಲ್ಲು, ಚಾರ್ಜು ಸತ್ತ ಮೊಬೈಲುಗಳು, ಯಾರದೋ ಕಾಲುಚೈನು ಇದ್ದವು. ಎಲ್ಲರಿಗೂ ಒಂದೊಂದು ನಂಬರು. ಒಬ್ಬರ ಕತೆ ಒಬ್ಬರಿಗೆ ಬೇಡ. ದುಡಿಯುವ ಹಗ್ಗಕ್ಕೆ ಒಂದಲ್ಲ ಒಂದು ಕೈಯ ಬಿಸಿ ತಾಗುತ್ತಲೇ ಇರುತ್ತದೆ. ನಾಲ್ಕು ವರ್ಷ ನನ್ನನ್ನು ಇಲಿ ಬಿಟ್ಟರೆ ಯಾರೂ ಮುಟ್ಟಲಿಲ್ಲ.

ಆ ಕೋಣೆಗೆ ಒಂದು ಕಿಟಕಿ ಇತ್ತು, ಅದರ ಹೊರಗೆ ಬೇವಿನ ಮರದ ಕಟ್ಟೆ. ಹುಲುಗಪ್ಪನ ಹೆಂಡತಿ ಶಂಕ್ರಮ್ಮನ ದನಿಯನ್ನು ನಾನು ಮೊದಲು ಕೇಳಿದ್ದು ಆ ಕಟ್ಟೆಯಿಂದಲೇ. ಮಣ್ಣು ಮಾಡಿದ ಐದನೆಯ ದಿನಕ್ಕೇ ಗಿರಣಿಯವರು ರಾಜಿಗೆಂದು ಅವಳ ಬಾಗಿಲಿಗೆ ಹೋಗಿದ್ದರಂತೆ. ಕೊಡುವುದನ್ನು ಕೊಡುತ್ತೇವೆ, ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತು ಎಂದರಂತೆ. ಪಕ್ಕದ ಮನೆಯ ಹುಡುಗಿಯಿಂದ ಅವಳು ಅದನ್ನು ಓದಿಸಿದಳು. ತನ್ನ ಗಂಡ ಕುಡಿದು, ಯಾರೂ ಹೇಳದೆ, ತನ್ನ ತಪ್ಪಿನಿಂದಲೇ ಬಿನ್ನಿಗೆ ಇಳಿದು ಸತ್ತ ಎಂದು ಅದರಲ್ಲಿತ್ತು.

"ಅಂವ ಬೀಡಿ ಸೈತ ಸೇದತಿದ್ದಿಲ್ರೀ," ಎಂದು ಅವಳು ಕಟ್ಟೆಯ ಮೇಲೆ ಕುಳಿತು ಅತ್ತಳು. "ಸತ್ತಂವ್ನ ಮ್ಯಾಲೆ ತಪ್ಪ ಹಾಕ್ತಾರ. ಅದನ್ನ ತಗಸ್ರಿ. ನಂಗ ಅಷ್ಟ ಸಾಕು."

ಎದುರಿಗಿದ್ದವರು ವಕೀಲೆ ಸುಮಂಗಲಾ, ಸರ್ಕಾರದ ಉಚಿತ ಕಾನೂನು ನೆರವಿನಿಂದ ಬಂದವರು. ಅವರು ಕಾನೂನನ್ನು ಅನ್ನ ಕಲಸಿಕೊಟ್ಟಂತೆ ಬಿಡಿಸಿ ಹೇಳಿದರು. "ನೋಡವ್ವಾ, ದಾರಿ ಮೂರವ. ಒಂದು, ನಿರ್ಲಕ್ಷ್ಯದಿಂದ ಸಾವು ಅಂತ ಪೊಲೀಸ್ ಕೇಸು. ಅದನ್ನ ಸರ್ಕಾರನ ನಡಸತೈತಿ, ತಪ್ಪು ಯಾರದು ಅಂತ ಅಲ್ಲಿ ತೀರ್ಮಾನ ಆಗತೈತಿ. ಎರಡನೇದು, ಕೆಲಸದಾಗ ಸತ್ತ ಆಳಿನ ಮನಿಯವ್ರಿಗೆ ಮಾಲೀಕ ಕೊಡಬೇಕಾದ ಪರಿಹಾರ. ಎರಡು ವರ್ಷದೊಳಗ ಅರ್ಜಿ ಹಾಕಬೇಕು. ಅಲ್ಲಿ ಕುಡಿದಿದ್ದ ಅಂತ ಸುಳ್ಳು ಹೇಳಿದ್ರೂ ನಡಿಯೂದಿಲ್ಲ, ಸತ್ತಮ್ಯಾಲೆ ಕೊಡಾಕs ಬೇಕು. ಮೂರನೇದು ಸಿವಿಲ್ ದಾವೆ. ಎರಡನೇದು ಹಿಡದ್ರ ಮೂರನೇದು ಬಿಡಬೇಕು. ಮೊದಲನೇದಕ್ಕ ಮಾತ್ರ ಯಾವುದೂ ಅಡ್ಡ ಬರೂದಿಲ್ಲ."

"ತಪ್ಪು ಯಾರದಂತ ಬರೆಯೂದು ಯಾವುದ್ರಾಗ?"

"ಮೊದಲನೇದ್ರಾಗ. ಆದ್ರ ಭಾಳ ದಿನ ಹಿಡೀತೈತಿ."

ಶಂಕ್ರಮ್ಮ ಮೊದಲನೆಯದನ್ನೂ ಎರಡನೆಯದನ್ನೂ ಹಿಡಿದಳು. ಪರಿಹಾರದ ಆದೇಶ ಒಂದೂವರೆ ವರ್ಷದಲ್ಲಿ ಬಂತು. ಸಿಕ್ಕಿತಲ್ಲ, ಇನ್ನೇಕೆ ಅಲೆದಾಟ ಎಂದು ಊರು ಕೇಳಿತು. ಪೊಲೀಸ್ ಕೇಸು ಮಾತ್ರ ಹಗ್ಗ ಹರಿಯದು, ಕೋಲು ಮುರಿಯದು ಎನ್ನುವಂತೆ ಎಳೆಯಿತು. ಹರಿದ ಹಗ್ಗವಾದ ನಾನು ಈ ಗಾದೆಯನ್ನು ಹೇಳಬಾರದು, ಆದರೂ ಬಾಯಿಗೆ ಬಂತು. ಕೋರ್ಟು ಕೊಟ್ಟ ಪ್ರತಿ ವಾಯಿದೆಯ ಹಿಂದಿನ ದಿನ ಅವಳು ಆ ಕಟ್ಟೆಗೆ ಬಂದು, ನಾಳೆ ಕೇಸು ನಡೆಯುತ್ತದೆಯೇ ಎಂದು ಪೊಲೀಸರನ್ನು ಕೇಳಿ ಹೋಗುತ್ತಿದ್ದಳು. ಬರುತ್ತಿದ್ದದ್ದು ಒಬ್ಬಳೇ. ಗೋಡೆಯ ಈಚೆ ನಾನು ಒಬ್ಬಂಟಿ, ಆಚೆ ಅವಳು. ನಾನು ಇಲ್ಲಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಶಪಿಸುತ್ತಿದ್ದಳೇನೋ ಎಂದು ನನಗೆ ಹೆದರಿಕೆ ಇತ್ತು.

ನಾಲ್ಕನೆಯ ವರ್ಷ ಚೀಲ ಬಿಚ್ಚಿ ನನ್ನನ್ನು ಕೋರ್ಟಿನ ಮೇಜಿನ ಮೇಲೆ ಹಾಕಿದರು. ಅಲ್ಲಿ ನನ್ನ ಹೆಸರು ಎಂ.ಓ. ಒಂದು, ಅಂದರೆ ಸಾಕ್ಷಿಗಿಟ್ಟ ಮೊದಲನೆಯ ವಸ್ತು. ಶಂಕ್ರಮ್ಮ ಕಟಕಟೆಯಲ್ಲಿದ್ದಳು. ಬಟ್ಟೆಯ ಮಾತು ತೆಗೆದವರು ಗಿರಣಿಯ ಕಡೆಯ ವಕೀಲರೇ. ಹಗ್ಗ ಸವೆದಿದೆಯೆಂದು ನಿನ್ನ ಗಂಡನೇ ಗುರುತು ಕಟ್ಟಿದ್ದ, ಗೊತ್ತಿದ್ದೂ ಇಳಿದ, ಮ್ಯಾನೇಜರಿಗೆ ಇದು ಗೊತ್ತೇ ಇರಲಿಲ್ಲ, ತಪ್ಪು ಯಾರದಮ್ಮಾ ಎಂದರು. ನನ್ನ ಮೈಮೇಲಿನ ಗಂಟೇ ಹುಲುಗಪ್ಪನಿಗೆ ಉರುಳಾಯಿತೇ ಎಂದು ನಾನು ತಣ್ಣಗಾದೆ.

ಶಂಕ್ರಮ್ಮ ನನ್ನನ್ನು ಕೈಗೆ ಕೊಡಿರೆಂದು ಕೇಳಿದಳು. ಮೊದಲ ಸಲ ಅವಳ ಬೆರಳು ನನಗೆ ತಾಗಿತು.

"ಬಟ್ಟಿ ನನ್ನ ಸೀರಿದರೀ. ನನ್ನ ಗಂಡ ಎಡಚ. ಜ್ವಾಳದ ಚೀಲ, ಕೂಸಿನ ತೊಟ್ಲ, ಎಲ್ಲಾ ಹಿಂಗs ಎಡಕ್ಕ ತಿರುವಿ ಕಟ್ಟತಿದ್ದ. ಈ ತಳಗಿಂದು ಅಂವ ಹಾಕಿದ ಗಂಟು." ಬೆರಳು ಮೇಲೆ ಸರಿಯಿತು. "ಇದು ಬಲಕ್ಕ ತಿರುವೈತಿ. ಇದು ಅಂವಂದಲ್ಲ. ಯಾರು ಹಾಕ್ಯಾರ, ಕೇಳ್ರಿ."

ಮುಂದಿನ ವಾಯಿದೆಗೆ ಖಾಜಾಸಾಬನನ್ನು ಕರೆಸಿದರು. ಗಿರಣಿಯ ಅನ್ನ ತಿನ್ನುವವನು, ಪೊಲೀಸರ ಮುಂದೆ ತನಗೇನೂ ಗೊತ್ತಿಲ್ಲ ಎಂದಿದ್ದ. ಸರ್ಕಾರಿ ವಕೀಲರು ನನ್ನನ್ನು ಅವನ ಕೈಗಿತ್ತು, ಮೇಲಿನ ಗಂಟು ಯಾರದೆಂದು ಕೇಳಿದರು. ಮುದುಕ ಹಳೆಯ ಅಭ್ಯಾಸದಂತೆ ಹೆಬ್ಬೆರಳು ಒತ್ತಿ ನೋಡಿದ.

"ಎರಡನೇ ಗಂಟು ಗಿರಣಿಯವ್ರs ಹಾಕಬೇಕ್ರೀ, ಅದು ನಮ್ಮ ಕಟ್ಟಳಿ," ಎಂದ ಕೊನೆಗೆ. "ಪಂಪಾಪತಿಯವ್ರು ಹಾಕಿದ್ರು. ನಾ ನಿಂತ ನೋಡೇನಿ. ಇಷ್ಟ ದಿನ ಬಾಯಿ ಮುಚ್ಚಿದ್ದೆ, ಅಲ್ಲಾ ನನ್ನ ಮಾಫ್ ಮಾಡ್ಲಿ."

ಗಿರಣಿಯವರು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡಿದ್ದರು. ಪಂಪಾಪತಿಗೆ ಶಿಕ್ಷೆಯಾಯಿತು. ಅದು ದೊಡ್ಡದೇನಲ್ಲ, ಅವನು ಮೇಲ್ಮನವಿಗೆ ಹೋದ, ಅಲ್ಲಿಯೂ ಸೋತ. ಶಿಕ್ಷೆ ಎಷ್ಟೆಂದು ಶಂಕ್ರಮ್ಮ ಕೇಳಲೇ ಇಲ್ಲ. ಅವಳು ಕೇಳಿದ್ದು ಒಂದೇ, "ಅದನ್ನ ಬರದಾರೇನ್ರೀ?" ಸುಮಂಗಲಾ ತೀರ್ಪಿನ ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು: ಮೃತನು ತನ್ನ ತಪ್ಪಿನಿಂದ ಸತ್ತದ್ದಲ್ಲ. ಅವಳು ಇನ್ನೊಮ್ಮೆ ಓದಿಸಿದಳು.

ಎಲ್ಲ ಮುಗಿದ ಮೇಲೆ ನನ್ನ ಪಾಳಿ. ಬೆಲೆಯಿಲ್ಲದ ಮಾಲು, ಸುಟ್ಟು ನಾಶಪಡಿಸಿ ಎಂದು ಆದೇಶವಾಗಿತ್ತು. ಗಿರಣಿ ನನ್ನನ್ನು ವಾಪಸು ಕೇಳಲಿಲ್ಲ. ಆದರೆ ಬಟ್ಟೆ ತನ್ನದು, ತನಗೆ ಕೊಡಿಸಿ ಎಂದು ಶಂಕ್ರಮ್ಮ ಅರ್ಜಿ ಹಾಕಿದ್ದಳು, ಜಡ್ಜ್ ಸಾಹೇಬರು ಒಪ್ಪಿದ್ದರು. ಕೋರ್ಟಿನ ಗುಮಾಸ್ತ ಗಂಟು ಬಿಚ್ಚಲು ಉಗುರು ಹಾಕಿದ.

"ಬಿಚ್ಚಬ್ಯಾಡ್ರೀ ಅಣ್ಣಾರ," ಎಂದು ಅವಳು ಕೈ ಅಡ್ಡ ಹಿಡಿದಳು. "ಹಗ್ಗಾನs ಕೊಯ್ದು ಕೊಡ್ರಿ."

ಹಾಗೆ ನಾನು ಒಂದು ಗೇಣಾದೆ. ಉಳಿದ ನಾನು ಕೋರ್ಟಿನ ಹಿತ್ತಲಿನಲ್ಲಿ ಉರಿದೆ. ಬಲವಾಗಿದ್ದ ಮೊಳಗಳೆಲ್ಲ ಬೂದಿಯಾದವು, ನನ್ನಲ್ಲಿ ಎಲ್ಲಕ್ಕಿಂತ ಸೋತ ಗೇಣೇ ಉಳಿಯಿತು.

ಮನೆಗೆ ಬಂದ ಮೇಲೆ ಅವಳು ಹೊಸ್ತಿಲ ಬೆಳಕಿಗೆ ಕುಳಿತು ಮೇಲಿನ ಗಂಟನ್ನು ಬಿಚ್ಚಿದಳು. ವರ್ಷಗಟ್ಟಲೆ ಬಿಗಿದುಕೊಂಡಿದ್ದದ್ದು, ಹಲ್ಲು ಹಾಕಬೇಕಾಯಿತು. ಕೆಳಗಿನದನ್ನು ಮುಟ್ಟಲಿಲ್ಲ. ಈಗ ನಾನು ದೇವರ ಗೂಡಿನಲ್ಲಿ, ಅವನ ಫೋಟೋದ ಹಿಂದೆ ಇದ್ದೇನೆ. ಯಾರನ್ನೂ ಎತ್ತುವುದಿಲ್ಲ, ಇಳಿಸುವುದಿಲ್ಲ. ಅವಳು ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ತಿಳಿಯದು, ಕೇಳಲು ನನಗೆ ಬಾಯಿಲ್ಲ. ದಿನಾ ದೀಪ ಹಚ್ಚಿದ ಮೇಲೆ ಒಮ್ಮೆ ಆ ಗಂಟಿನ ಮೇಲೆ ಬೆರಳಿಡುತ್ತಾಳೆ. ಅವನ ಕೈ ಕಟ್ಟಿದ್ದರಲ್ಲಿ ಬಿಚ್ಚದೆ ಉಳಿದದ್ದು ಅದೊಂದೇ. ನನಗಿರುವ ಕೆಲಸ ಈಗ ಅದನ್ನು ಹಿಡಿದುಕೊಂಡಿರುವುದು. ಈ ಸಲ ಬಿಡುವುದಿಲ್ಲ.