ಲಾ ನೋರಿಯಾದ ಗುರುವಾರದ ಅತಿಥಿ

ಅಲ್ವಿನ್ ಕ್ರೌಸೆಯವರು ಲಾ ನೋರಿಯಾ ಎಂಬ ಮೆಕ್ಸಿಕನ್ ಹೋಟೆಲಿನಲ್ಲಿ ತಿಂಡಿಪಟ್ಟಿಯನ್ನು ಬಿಡಿಸಿ ನೋಡಿದ್ದನ್ನು ನಮ್ಮ ವಿಕ್ಟೋರಿಯಾ ಪಟ್ಟಣದಲ್ಲಿ ಕಂಡವರಿಲ್ಲ. ಟೆಲಿಫೋನ್ ಕಂಬಗಳನ್ನು ಮೂವತ್ತು ವರ್ಷ ಹತ್ತಿಳಿದು ಬಿಗಿದುಹೋದ ಎಡಗಾಲನ್ನು ಎಳೆಯುತ್ತ ಬಂದು, ಅಡುಗೆಮನೆಯ ಕಿಂಡಿಯೆದುರಿನ ಮೇಜಿನಲ್ಲಿ ಕೂತು, ಹ್ಯಾಟನ್ನು ಪಕ್ಕದ ಕುರ್ಚಿಯ ಮೇಲೆ ಅಂಗಾತ ಇಟ್ಟರೆಂದರೆ, ಚೀಸ್ ತುಂಬಿ ಸುತ್ತಿದ ಮೆಕ್ಕೆಜೋಳದ ರೊಟ್ಟಿಗಳು, ಮೂರು ಎಂಚಿಲಾಡಗಳು, ಕಂದುಬಣ್ಣದ ಖಾರದ ಗ್ರೇವಿಯಲ್ಲಿ ಮುಳುಗಿ ತಾವಾಗಿಯೇ ಬರುತ್ತಿದ್ದವು. ನಲವತ್ತೊಂದು ವರ್ಷ, ಪ್ರತಿ ಗುರುವಾರ. ಆ ಗ್ರೇವಿಯ ಜೀರಿಗೆಯ ವಾಸನೆಯೇ ಆಗದ ಅವರ ಹೆಂಡತಿ ವರ್ನಾ, ಬದುಕಿದ್ದಷ್ಟು ಕಾಲವೂ ಎದುರಿಗೆ ಕೂತು ಬರಿಯ ಕಾಫಿ ಕುಡಿದು ಏಳುತ್ತಿದ್ದರು. ಚಂಡಮಾರುತಕ್ಕೆ ಹೋಟೆಲಿನ ಚಾವಣಿ ಹಾರಿಹೋದ ವಾರ, ಒಡತಿ ಒಫೀಲಿಯಾ ಟ್ರೆವಿನ್ಯೊ ಅಂಗಳದಲ್ಲಿ ಟಾರ್ಪಾಲು ಕಟ್ಟಿ ಒಲೆ ಹೂಡಿದಾಗ, ಕ್ರೌಸೆ ನಿಂತುಕೊಂಡೇ ಉಂಡರು.

ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದು ಜ್ವರದ ತರುವಾಯ, ಒಫೀಲಿಯಾಳ ನಾಲಿಗೆಯಿಂದ ರುಚಿ ಹೊರಟುಹೋಯಿತು. ಆಕೆ ಯಾರಿಗೂ ಹೇಳಲಿಲ್ಲ. ಗ್ರೇವಿ ಉಪ್ಪಾಯಿತು. ಗಿರಾಕಿಗಳು ಚೆನ್ನಾಗಿದೆಯೆಂದು ಹೊಗಳಿ, ಮರುವಾರ ಹೆದ್ದಾರಿಯಾಚೆಯ ಹೊಸ ಹೋಟೆಲಿಗೆ ಹೋದರು, ನಾನೂ ಹೋದೆ. ಮಗಳು ನೆಲ್ಡಾಗೆ ತಾಯಿಯ ಮುಂದೆ ಬಾಯಿ ಬರಲಿಲ್ಲ. ಕ್ರೌಸೆ ಎರಡು ತಿಂಗಳು ಉಂಡರು. ಆಮೇಲೊಂದು ಗುರುವಾರ ಅರ್ಧ ತಟ್ಟೆ ಬಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಒಫೀಲಿಯಾ, ಗ್ರೇವಿಗೆ ಉಪ್ಪು ಜಾಸ್ತಿ ಆಗ್ತಿದೆ."

"ಬೇರೆ ಯಾರೂ ಹಾಗಂದಿಲ್ಲ."

"ಅನ್ಬೇಕಾದೋರು ಬರೋದನ್ನೇ ಬಿಟ್ಟಿದಾರೆ, ನೋಡ್ಲಿಲ್ವಾ?"

ಹಾಗಾದರೆ ನೀನೂ ಬರಬೇಡ ಎಂದು ಆಕೆ ಬೆನ್ನು ತಿರುಗಿಸಿದಳು. ಮುಂದಿನ ಗುರುವಾರ ಅವರು ಬಂದರು, ಆಕೆ ಏನೂ ಬಡಿಸಲಿಲ್ಲ. ಒಂದು ಗಂಟೆ ಖಾಲಿ ಮೇಜಿನೆದುರು ಕೂತು ಹೋದರು. ಅದರ ಮರುವಾರವೂ ಅಷ್ಟೇ. ನೆಲ್ಡಾ ಕದ್ದು ತಂದ ತಟ್ಟೆಯನ್ನು ಹಿಂದಕ್ಕೆ ತಳ್ಳಿ, ನಿನ್ನಮ್ಮನೇ ಕೊಡಲಿ ಎಂದರು.

ಮೂರನೆಯ ಗುರುವಾರ ಒಫೀಲಿಯಾ ತಾನೇ ಒಂದು ಬಟ್ಟಲು ಗ್ರೇವಿ, ಒಂದು ಚಮಚ ತಂದಿಟ್ಟು ಎದುರು ಕೂತಳು.

"ನಂಗೆ ರುಚಿನೇ ಗೊತ್ತಾಗ್ತಿಲ್ಲ, ಅಲ್ವಿನ್. ಮೊದಲು ಹೇಗಿತ್ತು ಅಂತ ನಿಂಗೆ ನೆನಪಿದ್ಯಲ್ಲ, ಹೇಳು."

ಅವರು ಸವಿದು ಹೇಳಿದರು, ನೆಲ್ಡಾ ಕಾಯಿಸಿದಳು. ನಾಲ್ಕು ಪಾತ್ರೆ ಸರಿಬಾರದೆ ಚೆಲ್ಲಿದ ಮೇಲೆ, ಐದನೆಯದಕ್ಕೆ ಕ್ರೌಸೆ ತಲೆಯಾಡಿಸಿದರು. ನೆಲ್ಡಾಳ ಕೈ ಪಳಗುವ ತನಕ, ಸುಮಾರು ಎರಡು ವರ್ಷ, ಅವರು ದಿನವೂ ಬೆಳಿಗ್ಗೆ ಬಂದು ಒಂದು ಚಮಚ ಗ್ರೇವಿ ಸವಿದು ಹೋಗುತ್ತಿದ್ದರು. ಹೋದ ಗಿರಾಕಿಗಳೆಲ್ಲರೂ ಮರಳಲಿಲ್ಲ. ಹೋಟೆಲು ಉಳಿಯಲು ಬೇಕಾದಷ್ಟು ಮಂದಿ ಮರಳಿದರು.

ಇಂಥವರನ್ನು ನಾವು ಹೊಸತಿಗೆ ಅಂಜುವವರೆಂದು ಲಘುವಾಗಿ ಎಣಿಸುತ್ತೇವೆ. ಒಂದೇ ಮೇಜಿಗೆ ಬಾಳೆಲ್ಲ ನಿಷ್ಠರಾದವರು ಲೋಕದ ನಾನಾ ರುಚಿಗಳನ್ನು ಕಳೆದುಕೊಳ್ಳುತ್ತಾರೆ, ನಿಜ; ಆದರೆ ಒಂದು ರುಚಿ ಅದನ್ನು ಸೃಷ್ಟಿಸಿದವರಿಗೇ ಮರೆತುಹೋದ ದಿನ, ಅದು ಇಂಥವರ ಬಳಿ ಮಾತ್ರ ಉಳಿದಿರುತ್ತದೆ.