ನೂರಿಪ್ಪತ್ತರ ಮಗು

ಈಜು ಕಲಿಸುವ ಗುರುಗಳು ಹುಡುಗಿಯನ್ನು ಮೂರನೇ ಸಲ ಗೋಡೆಗೆ ಒರಗಿಸಿ ಅಳೆದರು. ನೂರಿಪ್ಪತ್ತು ಸೆಂಟಿಮೀಟರ್. ಒಂದು ಗೆರೆ ಆಚೆಯಿಲ್ಲ, ಈಚೆಯಿಲ್ಲ. ಆಳದ ಕೊಳದ ತರಗತಿಗೆ ‘ನೂರಿಪ್ಪತ್ತು ಮತ್ತು ಮೇಲ್ಪಟ್ಟು’ ಎಂದು ಗೋಡೆಯ ಮೇಲೇ ದಪ್ಪಕ್ಷರದಲ್ಲಿ ಬರೆದಿತ್ತು. ಕಂಪ್ಯೂಟರ್ ಮಾತ್ರ ‘ಅರ್ಹರಲ್ಲ’ ಎಂದು ಕೆಂಪಗೆ ಹಟ ಹಿಡಿದು ಕೂತಿತ್ತು. ನೋಂದಣಿ ಮುಗಿಯಲು ಇನ್ನು ಇಪ್ಪತ್ತು ನಿಮಿಷ; ತಪ್ಪಿದರೆ ಮುಂದಿನ ವರ್ಷವೇ. ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೀಟು ಹಾಕಿಸಿಕೊಂಡು ಕಾದಿದ್ದ ಮಗಳು ಅಮ್ಮನ ಮುಖ ನೋಡಿದಳು.

ಅಮ್ಮನಿಗೆ ಆ ಹಟದ ಗುರುತು ಸಿಕ್ಕಿತು. ಅದು ಅವಳದೇ. ಕಚೇರಿಯಲ್ಲಿ ಪ್ರೋಗ್ರಾಂ ಬರೆಯುವವರೆಲ್ಲ ಎತ್ತಿ ಬಳಸುವ ಚಿಕ್ಕಪುಟ್ಟ ಫಂಕ್ಷನ್‌ಗಳ ಲೈಬ್ರರಿ ಅವಳ ಕೂಸು. ಅದರಲ್ಲೊಂದಕ್ಕೆ ಎರಡು ಸಂಖ್ಯೆ ಕೊಟ್ಟರೆ ಮೊದಲನೆಯದು ದೊಡ್ಡದೋ ಅಲ್ಲವೋ ಹೇಳುತ್ತದೆ. ಎರಡೂ ಸಮವಾಗಿದ್ದರೆ ಅಲ್ಲ ಎನ್ನುತ್ತದೆ. “ಸಮ ಅಂದ್ರೆ ಸಮ, ದೊಡ್ಡದಲ್ಲ” ಎಂದು ಮೀಟಿಂಗಿನಲ್ಲಿ ಒಂದು ಗಂಟೆ ಎಲ್ಲರ ತಲೆ ತಿಂದು ಗೆದ್ದವಳು ಅವಳು.

ಈ ಕೊಳದ ಪ್ರೋಗ್ರಾಂ ಬರೆದ ಸಹೋದ್ಯೋಗಿಗೆ ಕಚೇರಿಯಲ್ಲಿ ಅವಸರ ಎಂದೇ ಹೆಸರು. ಅವನಿಗೆ ಫೋನು ಮಾಡಿ ವಿಷಯ ಹೇಳಿದಳು.

“ನಿಮ್ಮ ಫಂಕ್ಷನ್ನೇ ಹಾಕಿದೀನಿ ಅಕ್ಕ. ಸ್ವಂತ ಬುದ್ಧಿ ಓಡಿಸಬೇಡ ಅಂದಿದ್ರಲ್ಲ.”

“‘ದೊಡ್ಡದು ಅಥವಾ ಸಮ’ ಅಂತ ಅದರ ಕೆಳಗೇ ಇನ್ನೊಂದು ಇದೆಯಲ್ಲೋ.”

“ಮೇಲಿಂದು ಸಿಕ್ಕಿದ ಮೇಲೆ ಕೆಳಗೆ ಯಾರು ನೋಡ್ತಾರೆ? ಒಂದು ದೂರು ಹಾಕಿ, ಮುಂದಿನ ತಿಂಗಳು ಸರಿ ಮಾಡ್ತೀನಿ.”

“ಮುಂದಿನ ತಿಂಗಳಿಗೆ ನಿನ್ನ ಸಹಾಯ ಇಲ್ದೇನೇ ಬೆಳೆದಿರ್ತಾಳೆ.”

ಗುರುಗಳು ಕೆಮ್ಮಿದರು. “ಮೇಡಂ, ನೂರಿಪ್ಪತ್ತೊಂದು ಅಂತ ಹೊಡೆದ್ರೆ ತಗೊಳುತ್ತೆ. ಮೂರು ವರ್ಷದಿಂದ ಹಾಗೇ ನಡೀತಿದೆ. ನೀವು ಇದನ್ನ ಮಾಡಿದ ಕಂಪನಿಯವರೇ ಅಲ್ವಾ, ಅದಕ್ಕೇ ನಾನು ಬಾಯಿ ಬಿಡಲಿಲ್ಲ.”

ಪರದೆ ತಿರುಗಿಸಿ ಪಟ್ಟಿ ತೋರಿಸಿದರು. ನೂರಿಪ್ಪತ್ತೊಂದರ ಮಕ್ಕಳು ಸಾಲುಸಾಲಾಗಿದ್ದರು. ನೂರಿಪ್ಪತ್ತರ ಮಗು ಹುಡುಕಿದರೂ ಇಲ್ಲ.

“ಸುಳ್ಳಲ್ವಾ ಅಮ್ಮ?” ಎಂದಳು ಮಗಳು. ಗೀಟು ಹಾಕುವಾಗ ಹಿಮ್ಮಡಿ ಎತ್ತಿದರೆ ಅದು ಸುಳ್ಳು ಎಂದು ಅವಳಿಗೆ ಗದರಿದ್ದು ಅಮ್ಮನೇ.

“ಹೊಡೀರಿ,” ಎಂದಳು ಅಮ್ಮ, ಗೋಡೆಯತ್ತ ನೋಡುತ್ತ.

ಪರದೆ ಹಸಿರಾಯಿತು. ಮಗಳು ಪ್ರಶ್ನೆಯನ್ನು ಅಲ್ಲೇ ಬಿಟ್ಟು ಕೊಳದ ಕಡೆ ಓಡಿದಳು.

“ಕೆಲಸ ಆಯ್ತಲ್ಲಕ್ಕ,” ಎಂದಿತು ಇನ್ನೂ ಕೈಯಲ್ಲೇ ಇದ್ದ ಫೋನು.

ಅಮ್ಮ ಕರೆ ಮುಗಿಸಿ, ಒದ್ದೆ ಬೆಂಚಿನ ಮೇಲೆ ಕೂತು, ಫೋನಿನಲ್ಲೇ ದೂರಿನ ನಮೂನೆ ತೆರೆದಳು. ತೊಂದರೆಗೊಳಗಾದವರು ಎಷ್ಟು ಮಂದಿ ಎಂದು ಅದು ಮೊದಲಿಗೇ ಕೇಳಿತು. ಪಟ್ಟಿಯ ಪ್ರಕಾರ, ಒಬ್ಬರೂ ಇಲ್ಲ.