ಜಾಲಿಕಾಯಿ ತಿಂದ ಮರಿಗಳು

ಶಿಗ್ಲಿಯಲ್ಲಿ ಲಾಲಬಿಯ ಹಿತ್ತಲಿಗೂ ಅನ್ನಪೂರ್ಣವ್ವನ ಹಿತ್ತಲಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಗೋಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಲ್ಲಿ ಮಜ್ಜಿಗೆಯ ತಂಬಿಗೆ ದಾಟುತ್ತಿತ್ತು, ಚಟ್ನಿಯ ಬಟ್ಟಲು ದಾಟುತ್ತಿತ್ತು, ಊರ ಮಂದಿಯ ಮಾತಂತೂ ದಾಟುತ್ತಲೇ ಇತ್ತು. ಗಂಡ ಮರ್ದಾನಸಾಬ ತೀರಿಕೊಂಡು, ಮಗಳು ಸಬೀನಾ ಮುಂಡರಗಿಗೆ ಸೊಸೆಯಾಗಿ ಹೋದ ಮೇಲೆ ಲಾಲಬಿಯ ಕಿವಿಗೆ ಬೀಳುವ ಮನುಷ್ಯರ ದನಿಯೆಂದರೆ ಆ ಕಿಂಡಿಯದೇ. ಉಳಿದದ್ದೆಲ್ಲ ಕುರಿಮರಿಗಳ ದನಿ.

ಈಗ ಆ ಕಿಂಡಿಗೆ ಕಲ್ಲು ಬಿದ್ದಿತ್ತು.

ಕಾರಣ ಆ ಮರಿಗಳೇ. ಮರ್ದಾನಸಾಬ ಇದ್ದಾಗ ಕುರಿಗಳು ಅಡವಿಗೆ ಹೋಗಿ ಮೇಯುತ್ತಿದ್ದವು. ಅವನು ಹೋದ ಮೇಲೆ, ಮೊಣಕಾಲು ನೋವಿನ ಲಾಲಬಿ ಅವುಗಳ ಹಿಂದೆ ತಿರುಗಲಾರದೆ ಹಿಂಡು ಮಾರಿದಳು. ನಾಲ್ಕಾರು ಟಗರುಮರಿ ತಂದು ಹಿತ್ತಲ ಹಂದರದಲ್ಲೇ ಕೂಡಿಹಾಕಿ ಸಾಕತೊಡಗಿದಳು. ಬಕ್ರೀದ್ ಹತ್ತಿರ ಬಂತೆಂದರೆ ಅವು ಲಕ್ಷ್ಮೇಶ್ವರದ ಸಂತೆಗೆ. ಮೇವಿನ ಚಿಂತೆ ಇರಲಿಲ್ಲ. ಅನ್ನಪೂರ್ಣವ್ವನ ಹೊಲದ ಶೇಂಗಾ ಹೊಟ್ಟು ಇವಳ ಮರಿಗಳಿಗೆ, ಇವಳ ಹಂದರದ ಹಿಕ್ಕೆಗೊಬ್ಬರ ಆ ಹೊಲಕ್ಕೆ. ಅಳತೆಯಿಲ್ಲ, ತೂಕವಿಲ್ಲ.

ಗದಗ ಜಿಲ್ಲೆಯಾದ ಮೂರನೆಯ ವರ್ಷ ಅನ್ನಪೂರ್ಣವ್ವನ ಮಗ ಕೊಟ್ರೇಶ ಶೇಂಗಾ ಬಿಟ್ಟು ಉಳ್ಳಾಗಡ್ಡಿ ಹಚ್ಚಿದ.

"ಈ ವರ್ಷ ಹೊಟ್ಟಿಲ್ಲ ನೋಡ ಲಾಲಬಿ," ಎಂದಳು ಅನ್ನಪೂರ್ಣವ್ವ, ಕಿಂಡಿಗೆ ಮುಖವಿಟ್ಟು. "ಉಳ್ಳಾಗಡ್ಡಿ ಸೊಪ್ಪು ಹಾಕಿದ್ರ ನಿನ್ನ ಮರಿ ಬಾಯಿ ನಾರಿ, ತೊಗೊಳ್ಳಾಕ ಬಂದವ್ರು ಓಡಿ ಹೋಗ್ತಾರ."

"ನಿನ್ನ ಬಾಯಿ ನಾರಿದ್ರೂ ನಾ ಎಲ್ಲಿ ಓಡಿ ಹೋಗೇನಿ ಬಿಡಕ್ಕ."

ಆಚೆ ಕಡೆ ಅನ್ನಪೂರ್ಣವ್ವ ನಕ್ಕು ನಕ್ಕು ಕೆಮ್ಮಿದ್ದಳು. ಆ ಕೆಮ್ಮು ಈಗ ಲಾಲಬಿಗೆ ಮೇಲಿಂದ ಮೇಲೆ ನೆನಪಾಗುತ್ತಿತ್ತು.

ಅಂದು ಲಾಲಬಿ ಮೇವು ಹುಡುಕುತ್ತ ಕೆರೆದಂಡೆಗೆ ಹೋಗಿದ್ದಳು. ಅಲ್ಲಿ ಬಳ್ಳಾರಿ ಜಾಲಿಯ ಮೆಳೆ. ಹಳದಿ ಕಾಯಿಗಳು ನೆಲದ ತುಂಬ ಉದುರಿದ್ದವು, ಕೇಳುವವರಿಲ್ಲ. ಹಿಂದೊಮ್ಮೆ ಲಕ್ಷ್ಮೇಶ್ವರದಲ್ಲಿ ದನದ ಡಾಕ್ಟರು ಮಂದಿ ಕೂಡಿಸಿ ಹೇಳಿದ್ದು ನೆನಪಾಯಿತು: ಜಾಲಿಕಾಯಿ ಒಳ್ಳೆಯ ಮೇವು, ಒಣಗಿಸಿ, ಬೀಜ ಸಹಿತ ಪುಡಿ ಮಾಡಿ, ಬೇರೆ ಮೇವಿನ ಜೋಡಿ ಸ್ವಲ್ಪ ಸ್ವಲ್ಪ ಹಾಕಬೇಕು. ಲಾಲಬಿ ಒಣಗಿಸಿದಳು, ಜೋಳದ ಕಣಿಕೆ, ತೊಗರಿ ಹೊಟ್ಟಿನ ಜೋಡಿ ಬೆರೆಸಿದಳು. ಪುಡಿ ಮಾಡುವುದೊಂದನ್ನು ಬಿಟ್ಟಳು. ಗಿರಣಿಯವನು, "ಅಂಟಿನ ಕಾಯಿ ಹಾಕಿದ್ರ ನನ್ನ ಕಲ್ಲು ಕೆಡ್ತಾವಬೇ" ಎಂದು ಕಳಿಸಿದ್ದ. ಒರಳಲ್ಲಿ ಕುಟ್ಟೋಣವೆಂದರೆ ಒಬ್ಬಳೇ. ಮರಿಗೆ ಹಲ್ಲಿಲ್ಲವೇನು, ಗಂಡನ ಕುರಿಗಳು ಅಡವಿಯಲ್ಲಿ ಇಡೀ ಕಾಯಿಯನ್ನೇ ತಿನ್ನುತ್ತಿರಲಿಲ್ಲವೇನು ಎಂದುಕೊಂಡಳು.

ಮರಿಗಳು ಮೈ ತುಂಬಿಕೊಂಡವು. ಸಂತೆಯಲ್ಲಿ ಕೈಹಾಕಿ ಬೆನ್ನು ಒತ್ತಿ ನೋಡಿದವರೆಲ್ಲ ತಲೆದೂಗಿದರು. ಹೊಟ್ಟು ಬರಲಿಲ್ಲವೆಂದು ಗೊಬ್ಬರ ಕೊಡುವುದನ್ನು ಬಿಡಲು ಲಾಲಬಿಗೆ ಮನಸ್ಸಾಗಲಿಲ್ಲ. ಇದು ನಿಂತರೆ ನಾಳೆ ಮಾತೂ ನಿಂತೀತು ಎಂಬ ಅಂಜಿಕೆ. ತಾನಾಗಿ ಕೊಟ್ರೇಶನನ್ನು ಕರೆದು ಚಕ್ಕಡಿ ತುಂಬಿಸಿದಳು.

ರೋಹಿಣಿ ಮಳೆ ಚೆನ್ನಾಗಿ ಬಿತ್ತು. ಕೊಟ್ರೇಶ ಹೆಸರು ಬಿತ್ತಿದ. ಹೆಸರಿನ ಜೋಡಿಗೆ, ಸಾಲು ತಪ್ಪದೆ, ಜಾಲಿ ಎದ್ದಿತು.

ಅವನು ಬೇರು ಸಹಿತ ಒಂದು ಸಸಿ ಕಿತ್ತು ತಂದು ಅವಳ ಬಾಗಿಲಲ್ಲಿ ನಿಂತ. ಹುಟ್ಟಿದಾಗಿನಿಂದ ಚಿಗವ್ವ ಎಂದು ಕರೆದ ಬಾಯಿ ಅಂದು ಬೇರೆ ಕರೆಯಿತು.

"ಏನಿದು ಲಾಲಬಿ? ಹೊಲದ ತುಂಬ ಮುಳ್ಳು ಬಿತ್ತೀಯಲ್ಲ."

ಸಸಿ ನೋಡಿದೊಡನೆ ಅವಳಿಗೆ ತಿಳಿಯಿತು. ಬೀಜ ಮರಿಯ ಹೊಟ್ಟೆ ದಾಟಿ ಹಾಗೇ ಬಂದಿತ್ತು. ಅಡವಿಯಲ್ಲಿ ಮೇಯುವ ಕುರಿಯ ಹಿಕ್ಕೆ ಅಡವಿಯಲ್ಲೇ ಬೀಳುತ್ತದೆ, ಅಲ್ಲಿ ಜಾಲಿ ಎದ್ದರೆ ಯಾರು ಕೇಳುತ್ತಾರೆ? ಕೂಡಿಹಾಕಿದ ಮರಿಯ ಹಿಕ್ಕೆಯನ್ನು ಒಂದೂ ಬಿಡದೆ ಬಳಿದು, ಊರಲ್ಲೇ ಚೆಂದದ ಎರೆಹೊಲಕ್ಕೆ ತಾನೇ ಕಳಿಸಿದ್ದಳು.

ಸಂಜೆ ಕಿಂಡಿಗೆ ಹೋಗಿ "ಅಕ್ಕಾ" ಎಂದಳು. ಬಾಯಿಗೆ ಕಲ್ಲಿನ ತಂಪು ತಾಗಿತು.

ಬಳ್ಳಾರಿ ಜಾಲಿ ಗೇಣುದ್ದ ಎದ್ದರೆ ಬೇರು ಮೊಳದುದ್ದ ಇಳಿದಿರುತ್ತದೆ. ನೆಲ ಹಸಿಯಿದ್ದಾಗ ಕಿತ್ತರೆ ಬಂತು. ಬಿಸಿಲಿಗೆ ಎರೆಮಣ್ಣು ಬಿಗಿಯಿತೋ, ತುದಿ ಹರಿದು ಕೈಗೆ ಬರುತ್ತದೆ, ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಲಾಲಬಿ ಮರುದಿನ ಕುರ್ಪಿ ಹಿಡಿದು ಹೊಲಕ್ಕೆ ಹೋಗಿ ಒಂದು ತುದಿಯಿಂದ ಸಸಿ ಕೀಳುತ್ತ ಕುಳಿತಳು.

"ಮೊಣಕಾಲ ನೋವು ಅಂತಿದ್ದಿ," ಎಂದ ಕೊಟ್ರೇಶ, ದೂರದಿಂದಲೇ.

"ಕುಂತ್ರ ನೋವಿಲ್ಲಪ್ಪ."

ಅದು ಖರೆ ಇರಲಿಲ್ಲ. ಅವನು ತನ್ನ ಸಾಲಿಗೆ ಹೋದ. ದಿನವೂ ಹೋದಳು. ಮಧ್ಯಾಹ್ನ ಅನ್ನಪೂರ್ಣವ್ವ ಬುತ್ತಿ ತರುತ್ತಿದ್ದಳು. ಬೇವಿನ ಗಿಡದ ಬುಡದಲ್ಲಿ ತಾಯಿ ಮಗ ಉಣ್ಣುತ್ತಿದ್ದರು. ಅವಳು ಈ ಕಡೆ ಬೆನ್ನು ಮಾಡಿಯೇ ಕೂಡ್ರುತ್ತಿದ್ದಳು. ಲಾಲಬಿ ಆ ಬೆನ್ನನ್ನೇ ನೋಡುತ್ತ ಮುಳ್ಳು ಕೀಳುತ್ತಿದ್ದಳು.

ಒಂದು ದಿನ ಅವರು ಎದ್ದುಹೋದ ಮೇಲೆ ಬದುವಿನ ಮೇಲೆ ಬಿಳಿ ಬಟ್ಟೆಯ ಗಂಟು ಉಳಿದಿತ್ತು. ಒಳಗೆ ರೊಟ್ಟಿ, ಪುಂಡಿಪಲ್ಲೆ. ಇಟ್ಟದ್ದೋ, ಮರೆತದ್ದೋ? ಲಾಲಬಿ ಬಹಳ ಹೊತ್ತು ನೋಡಿ, ಇಟ್ಟದ್ದೆಂದೇ ಉಂಡಳು. ಮನೆಗೆ ಬಂದು ಬಟ್ಟೆ ಒಗೆದು ಹಿತ್ತಲ ಗೋಡೆಯ ಮೇಲೆ ಹರವಿದಳು. ಬೆಳಿಗ್ಗೆ ನೋಡಿದರೆ ಬಟ್ಟೆ ಇರಲಿಲ್ಲ. ಕಿಂಡಿಯಲ್ಲಿ ಕಲ್ಲು ಹಾಗೇ ಇತ್ತು.

ಹೊಲ ಮುಗಿಯಿತು. ಇನ್ನು ಅಲ್ಲಿಗೆ ಹೋಗಲು ನೆಪವಿರಲಿಲ್ಲ. ಹಂದರದಲ್ಲಿ ಹೊಸ ಮರಿಗಳು ಒದರುತ್ತಿದ್ದವು, ಚೀಲದಲ್ಲಿ ಜಾಲಿಕಾಯಿ ಇನ್ನೂ ಇದ್ದವು. ಈ ಸಲ ಅವಳು ಕಾಯಿಗಳನ್ನು ಹಂಚಿನ ಮೇಲೆ ಗರಿಗರಿಯಾಗಿ ಹುರಿದಳು. ಒರಳಿಗೆ ಸುರಿದು, ನಿಂತು, ಒನಕೆ ಎತ್ತಿದಳು. ಕುಟ್ಟುವುದು ಇಬ್ಬರ ಕೆಲಸ. ಒಂದು ಒನಕೆ ಏಳುವಾಗ ಇನ್ನೊಂದು ಬೀಳಬೇಕು. ಒಬ್ಬಳೇ ಕುಟ್ಟಿದರೆ ಒಂದು ಪೆಟ್ಟು, ಆಮೇಲೆ ಬರೀ ಖಾಲಿ, ಮತ್ತೊಂದು ಪೆಟ್ಟು. ಆ ಕುಂಟು ಸಪ್ಪಳ ಹಿತ್ತಲ ತುಂಬ ಆಡಿತು.

"ಬೀಜ ಒಡದಿಲ್ಲ ಅದು."

ಲಾಲಬಿಯ ಒನಕೆ ಅರ್ಧದಲ್ಲೇ ನಿಂತಿತು. ದನಿ ಗೋಡೆಯ ಆಚೆಯದು, ಅನ್ನಪೂರ್ಣವ್ವನದು.

"ಸಪ್ಪಳದಾಗ ಗೊತ್ತಾಗ್ತೈತಿ. ಹಂಗ ಹಾಕಿ ಮತ್ತ ನನ್ನ ಹೊಲಕ್ಕ ಕಳಸಾಕಿ ನೀ. ಸಣ್ಣಗ ಕುಟ್ಟು."

"ಹೂನಕ್ಕ," ಎಂದಳು ಲಾಲಬಿ.

ಕಲ್ಲು ಸರಿಯಲಿಲ್ಲ. ಲಾಲಬಿ ಒರಳಿಗೆ ಕೈ ಹಾಕಿ ತಿರುವಿ ನೋಡಿದಳು. ಹಿಟ್ಟು ಆಗಲೇ ನುಣ್ಣಗಾಗಿತ್ತು. ಒಂದು ಬೀಜವೂ ಬೆರಳಿಗೆ ಸಿಗಲಿಲ್ಲ. ಅವಳು ಕೈ ಕೊಡವಿಕೊಂಡು ಮತ್ತೆ ಒನಕೆ ಎತ್ತಿದಳು.

ಸ್ವಲ್ಪ ಹೊತ್ತಿನ ಮೇಲೆ ಆ ದನಿ ಕೇಳಿತು. "ಆತೇನ?"

"ಇನ್ನೂ ಇಲ್ಲಕ್ಕ," ಎಂದಳು ಲಾಲಬಿ, ಕುಟ್ಟುತ್ತಲೇ.